ಹಲಗಿ ಕಾಸುವುದು

ಹುಡುಗರ ಆಟವೊಂದರ ವಿಷಯವನ್ನೆತ್ತಿಕೊಂಡು ಈ ವಾರದ ಪುಟವನ್ನು ತುಂಬಿಸುತ್ತಿದ್ದಾನೆಂದು ವಾಚಕರು ಬೇಸರಪಡಬಾರದು. ಆಟವೇನೋ ಹುಡುಗರದೇ. ಆದರೆ ಅದು ನಮ್ಮ ಮನೆಯ ಹೊಸ್ತಿಲಿನವರೆಗೆ ತಂದು ನಿಲ್ಲಿಸಿದ ಮಾತು ಹುಡುಗರದಲ್ಲ.

ಪುಣೆಯಲ್ಲಿರುವ ನನ್ನ ಅಕ್ಕನ ಮಗನಿಗೆ ಈಗ ಹದಿನಾಲ್ಕು ವರುಷ. ಕಳೆದ ಬೇಸಿಗೆಯ ರಜೆಯಲ್ಲಿ ಸಿಂದಗಿ ತಾಲೂಕಿನ ನಮ್ಮ ಹಳ್ಳಿಗೆ ಬರುವಾಗ ಆತನು ತನ್ನಷ್ಟೇ ಎತ್ತರದ ಚೀಲವೊಂದನ್ನು ಹೊತ್ತು ತಂದನು. ಇಂಡಿ ರೋಡ್ ನಿಲ್ದಾಣದಲ್ಲಿ ಅವನನ್ನು ಕರೆದೊಯ್ಯಲು ನಿಂತಿದ್ದ ನನಗೆ ಮೊದಲು ಕಂಡದ್ದು ಚೀಲ, ಆಮೇಲೆ ಹುಡುಗ. “ಏನೋ ಇದು, ತಬಲಾವೇನು?” ಎಂದರೆ, “ಅಲ್ಲ ಮಾಮಾ, ಡ್ರಮ್. ಖರೇ ಡ್ರಮ್ ಅಲ್ಲ, ಆಟದ್ದು” ಎಂದ.

ಮನೆಗೆ ಬಂದು ಬಿಚ್ಚಿ ನೋಡಿದರೆ ಒಂದು ಪ್ಲಾಸ್ಟಿಕ್ ಚೌಕಟ್ಟು. ಅದರ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಅಂಚಿನ ನಾಲ್ಕು ರಬ್ಬರಿನ ಬಿಲ್ಲೆಗಳು. ಕೆಳಗೆ ಕಾಲಿನಿಂದ ಒತ್ತುವ ಒಂದು ಪೆಡಲು. ಎರಡು ಕಟ್ಟಿಗೆಯ ಕೋಲು. ಇದನ್ನು ಲ್ಯಾಪ್‌ಟಾಪಿಗೆ, ಲ್ಯಾಪ್‌ಟಾಪನ್ನು ನಮ್ಮ ಪಡಸಾಲೆಯ ಟೀವಿಗೆ ಜೋಡಿಸಿದ. ಹಾಡು ಮೊದಲಾಯಿತು. ಪರದೆಯ ಮೇಲೆ ರಸ್ತೆಯಂತಹ ಪಟ್ಟಿಯೊಂದು ನಮ್ಮತ್ತ ಹರಿದು ಬರುವುದು. ಅದರ ಮೇಲೆ ಬಣ್ಣದ ಗುಂಡಿಗಳು. ಗುಂಡಿ ಗೆರೆಯನ್ನು ಮುಟ್ಟುವ ಕ್ಷಣಕ್ಕೆ ಸರಿಯಾಗಿ ಅದೇ ಬಣ್ಣದ ಬಿಲ್ಲೆಗೆ ಏಟು ಬೀಳಬೇಕು. ಕಿತ್ತಳೆ ಬಣ್ಣದ ಅಡ್ಡಗೆರೆ ಬಂದರೆ ಕಾಲು ಒತ್ತಬೇಕು. ಬಿದ್ದರೆ ಅಂಕ, ತಪ್ಪಿದರೆ ಛೀಮಾರಿ. ಇಷ್ಟೇ ಆಟ.

ಈ ಬಗೆಯ ಆಟಕ್ಕೂ ಈಗ ಒಂದು ಇತಿಹಾಸವುಂಟು. ಜಪಾನಿನ ಕೊನಾಮಿ ಕಂಪನಿಯವರು 1999ರಲ್ಲಿ ‘ಡ್ರಮ್‌ಮೇನಿಯಾ’ ಎಂಬುದನ್ನು ಆಟದಂಗಡಿಗಳಿಗೆ ತಂದರು. 2001ರಲ್ಲಿ ನಾಮ್ಕೋ ಕಂಪನಿ ತಮ್ಮ ದೇಶದ ತೈಕೋ ಎಂಬ ದೊಡ್ಡ ಚರ್ಮವಾದ್ಯವನ್ನೇ ಆಟವಾಗಿಸಿತು. ಅದರಲ್ಲಿ ಎರಡೇ ಏಟು: ಮುಖಕ್ಕೆ ಹೊಡೆದರೆ ಕೆಂಪು, ಅಂಚಿಗೆ ಹೊಡೆದರೆ ನೀಲಿ. 2007ರಲ್ಲಿ ಅಮೆರಿಕೆಯ ‘ರಾಕ್ ಬ್ಯಾಂಡ್’ ಬಂದು ಈ ನಾಲ್ಕು ಬಿಲ್ಲೆಗಳ ಸಾಧನವನ್ನು ಮನೆಮನೆಗೆ ಮುಟ್ಟಿಸಿತು. ನಮ್ಮ ಅಳಿಯನದು ಯಾರೋ ಬಳಸಿ ಮಾರಿದ ಹಳೆಯ ಬಿಲ್ಲೆ. ಆಡುವುದು ‘ಕ್ಲೋನ್ ಹೀರೋ’ ಎಂಬ ಪುಕ್ಕಟೆಯ ಆಟವನ್ನು. ಅದರಲ್ಲಿ ಯಾರು ಬೇಕಾದರೂ ತಮ್ಮ ಹಾಡಿಗೆ ಏಟುಗಳ ಪಟ್ಟಿ ಬರೆದು ಸೇರಿಸಬಹುದಂತೆ. ಈ ಮಾತನ್ನು ನೆನಪಿಡಿರಿ.

ಹುಡುಗನು ಒಂದು ಹಾಡಿನಲ್ಲಿ ಮೂರು ತಿಂಗಳಿಂದ ಸಿಕ್ಕಿಬಿದ್ದಿದ್ದ. ನಿಮಿಷಕ್ಕೆ 160 ಏಟಿನ ಲಯ. ಎಂದರೆ ಒಂದು ಏಟಿಗೂ ಮತ್ತೊಂದಕ್ಕೂ ನಡುವೆ ಸೆಕೆಂಡಿನ ಮೂರನೆಯೊಂದು ಪಾಲಿಗಿಂತ ತುಸು ಹೆಚ್ಚು. ಅದನ್ನು ನಾಲ್ಕಾಗಿ ಒಡೆದರೆ ಹತ್ತನೆಯೊಂದು ಪಾಲೂ ಉಳಿಯದು. ಹಾಡಿನ ನಡುವೆ ಅಂಥ ಒಡೆದ ಏಟುಗಳ ಮಳೆ ಸುರಿಯುತ್ತಿತ್ತು. ಅಲ್ಲಿಗೆ ಬಂದೊಡನೆ ಅವನ ಭುಜ ಕಿವಿಯ ಬಳಿಗೆ ಏರುವುದು, ಹಲ್ಲು ಕಚ್ಚುವುದು, ಕಾಲು ಮರೆತುಹೋಗುವುದು. ಹಾಡು ಅರ್ಧಕ್ಕೆ ನಿಲ್ಲುವುದು. ಮತ್ತೆ ಮೊದಲಿನಿಂದ. ದಿನಕ್ಕೆ ಇಪ್ಪತ್ತು ಸಲ. ನಮ್ಮ ಅವ್ವ ಅಡಿಗೆಯ ಮನೆಯಿಂದ, “ಮೊಮ್ಮಗಾ, ಆ ರಬ್ಬರ್ ಏನ್ ಪಾಪ ಮಾಡೇದಪಾ?” ಎಂದು ಕೇಳಿದ್ದೂ ಆಯಿತು.

ಊರ ಜಾತ್ರೆಗೆ ಎರಡು ದಿನವಿತ್ತು. ಹಲಗಿ ಮೇಳದ ಹಿರಿಯರೊಬ್ಬರು ಮುಂಗಡದ ಹಣಕ್ಕೆಂದು ಬಂದು, ಎಂದಿನಂತೆ ನಮ್ಮ ಮನೆಯ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ನಮ್ಮ ಮನೆಯಲ್ಲಿ ಅವರನ್ನು ಏಕವಚನದಿಂದ ಕರೆಯುವುದು ರೂಢಿ. ಇಲ್ಲಿ ಬಹುವಚನದಲ್ಲಿ ಬರೆಯುತ್ತಿರುವ ನಾನೂ ಅಂದಿನವರೆಗೆ ಹಾಗೆಯೇ ಕರೆದವನು. ಒಳಗಿನ ಟಪಟಪ ಸದ್ದನ್ನು ಕೇಳುತ್ತ ಕುಳಿತವರು, ಸ್ವಲ್ಪ ಹೊತ್ತಿನ ಮೇಲೆ, “ಒಳಗ ಯಾರೋ ಕೋಲು ಬಿಗಿ ಹಿಡಕೊಂಡು ಬಡೀಲಿಕತ್ತಾರಲ್ರೀ” ಎಂದರು. ಗೋಡೆಯ ಆಚೆಯಿಂದ, ನೋಡದೆ! ಹುಡುಗನನ್ನು ಕರೆದೆ. ಕೋಲುಗಳನ್ನು ಹಿಡಿದೇ ಓಡಿಬಂದ.

ಮುಂದಿನ ಅರ್ಧ ತಾಸು ಕಟ್ಟೆಯ ಮೇಲೆ ಪಾಠ ನಡೆಯಿತು. ಹುಡುಗನು ಅವರನ್ನು “ಅಜ್ಜಾರ” ಎಂದು ಕರೆದನು. ಪುಣೆಯಲ್ಲಿ ಬೆಳೆದವನಿಗೆ ನಮ್ಮ ರೂಢಿ ಗೊತ್ತಿರಲಿಲ್ಲ. ಅಜ್ಜಾರು ಕೋಲನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಡಿಲಾಗಿ ನಿಲ್ಲಿಸಿ ತೋರಿಸಿದರು. ಅಡಿಗೆಮನೆಯಲ್ಲಿ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು. “ಕೇಳಪಾ. ಅವ್ವಾರ ಕೈ ಬಡದು ಎದ್ದು ಬರ್ತದ. ಹಿಟ್ಟಿಗಿ ಅಂಟಿ ಕುಂತರ ರೊಟ್ಟಿ ಆಗ್ತದೇನು? ನೀ ಬಡಿಯೂದ ಅಷ್ಟ ಮಾಡು. ಏಳೂದು ಕೋಲಿನ ಕೆಲಸ.” ಬಿದ್ದ ಕೋಲು ತಾನೇ ಪುಟಿಯುವುದನ್ನು ಹುಡುಗನು ತಡೆಯುತ್ತಿದ್ದ, ಪ್ರತಿ ಏಟಿಗೂ ಎರಡು ಪಟ್ಟು ಶ್ರಮಪಡುತ್ತಿದ್ದ. ಪುಟಿತವನ್ನು ಬಿಟ್ಟುಕೊಟ್ಟೊಡನೆ ಭುಜ ತಾನಾಗಿ ಇಳಿಯಿತು.

ಎರಡನೆಯದು ಬಾಯಿಯದು. “ಬಾಯಾಗ ಬರಲಾರದ್ದು ಕೈಯಾಗ ಹ್ಯಾಂಗ ಬಂದೀತು?” ಎಂದು, ಕಷ್ಟವಾದ ತುಂಡನ್ನು ಮೊದಲು ಡಂಗ್-ಣಕ ಎಂದು ಬಾಯಲ್ಲಿ ಹೇಳಿಸಿದರು. ತಬಲಾ ಕಲಿತವರಿಗೆ ಇದು ಹೊಸತಲ್ಲ. ಕೆಹರವಾದ ಎಂಟು ಮಾತ್ರೆಗಳನ್ನು ‘ಧಾ ಗೆ ನ ತಿ, ನ ಕ ಧಿಂ ನ’ ಎಂದು ನುಡಿಯದೆ ಯಾವ ಗುರುವೂ ಕೈಯಿಡಗೊಡನು. ಪರದೆಯ ಬಣ್ಣಗಳನ್ನು ಕಂಡಂತೆ ಬೆನ್ನಟ್ಟುತ್ತಿದ್ದ ಹುಡುಗನು ಆ ಹಾಡಿನ ಲಯವನ್ನು ಒಮ್ಮೆಯೂ ಬಾಯಲ್ಲಿ ಹೇಳಿರಲಿಲ್ಲ. ಹೇಳಹೊರಟಾಗ ಅದು ಅವನಿಗೆ ಗೊತ್ತೇ ಇಲ್ಲವೆಂಬುದು ಅವನಿಗೇ ತಿಳಿಯಿತು.

ಮೂರನೆಯದು ಕಾಲು. ಹಲಗಿಯವರು ನಿಂತಲ್ಲಿ ನಿಂತು ಬಾರಿಸುವವರಲ್ಲ. ಹೆಜ್ಜೆ ಹಾಕುತ್ತ ಬಾರಿಸುವರು. ತಾಳ ಇರುವುದು ಹೆಜ್ಜೆಯಲ್ಲಿ, ಕೈ ಅದರ ಬೆನ್ನಿಗೆ ಬರುವುದು. ನಮ್ಮ ಹುಡುಗನು ಕಾಲನ್ನು ಕೈಯ ಬಾಲದಂತೆ ಎಳೆದಾಡುತ್ತಿದ್ದ. ಕೈಗಳನ್ನು ಕಟ್ಟಿಕೊಂಡು ಇಡೀ ಹಾಡನ್ನು ಪೆಡಲಿನಿಂದ ಮಾತ್ರ ನುಡಿಸು, ಆಮೇಲೆ ಒಂದು ಕೈ, ಆಮೇಲೆ ಇನ್ನೊಂದು ಎಂದರು. ವೇಗವನ್ನು ಇಳಿಸಬಹುದೇ ಎಂದೂ ಕೇಳಿದರು. ಇಳಿಸಬಹುದಿತ್ತು; ತೊಡಕಿನ ತುಂಡನ್ನಷ್ಟೇ ಆಯ್ದು ನಿಧಾನವಾಗಿ ಮತ್ತೆ ಮತ್ತೆ ನುಡಿಸುವ ಅಭ್ಯಾಸದ ಏರ್ಪಾಡು ಆ ಆಟದಲ್ಲೇ ಇದೆ. ಹುಡುಗನು ಅದನ್ನು ಅಳುಬುರುಕರಿಗೆಂದು ತಿಳಿದು ಮುಟ್ಟಿರಲಿಲ್ಲ. ನೂರಕ್ಕೆ ಅರವತ್ತರ ವೇಗದಲ್ಲಿ, ಒಂದೂ ತಪ್ಪದೆ ಬಂದಮೇಲೆ ಐದೈದರಂತೆ ಏರಿಸುವುದೆಂದು ಇಬ್ಬರೂ ಕೂಡಿ ನಿಶ್ಚಯಿಸಿದರು.

ಆಗ ಹುಡುಗನೆಂದ: “ಅಜ್ಜಾರ, ಒಳಗ ಬರ್ರಿ. ನೀವು ಬಾರಿಸಿ ತೋರಸ್ರಿ.”

ಅಜ್ಜಾರು ಏಳಲಿಲ್ಲ. ಅವ್ವ ಬಾಗಿಲಿಗೆ ಬಂದು ನಿಂತಿದ್ದಳು. ನನಗೆ ತಿಳಿದಮಟ್ಟಿಗೆ ಆ ಕೇರಿಯವರು ಯಾರೂ ನಮ್ಮ ಹೊಸ್ತಿಲನ್ನು ದಾಟಿದವರಲ್ಲ. ಬರಬೇಡಿರೆಂದು ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಬೀಳದಂತೆ ಎಲ್ಲವೂ ನಡೆದುಕೊಂಡು ಬಂದಿತ್ತು. ಬಸವಣ್ಣನು ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯಲ್ಲೇ ಇದೆ. ವರುಷಕ್ಕೊಮ್ಮೆ ಅಲ್ಲಿಗೆ ಹೋಗಿ ಕಾಯಿ ಒಡೆಸಿಕೊಂಡು ಬರುವ ಮನೆ ನಮ್ಮದು. ನಾನು ಕೈಯಲ್ಲಿದ್ದ ಪತ್ರಿಕೆಯನ್ನು ನೋಡಿದೆ. ಮೊದಲು ಮಾತಾಡಬೇಕಾದವನು ನಾನಾಗಿದ್ದೆ, ಆಡಲಿಲ್ಲ.

“ಬಾ, ಹೊರಗ ಬಿಸಲದ” ಎಂದಳು ಅವ್ವ.

ಅವರು ರುಮಾಲು ಸರಿಪಡಿಸಿಕೊಂಡು ಒಳಗೆ ಬಂದರು. ಸುಲಭದ ಹಾಡೊಂದನ್ನು ಹಚ್ಚಿದ. “ಈ ಬಣ್ಣ ನನಗ ತಿಳಿಯಂಗಿಲ್ಲ. ಒಂದ ಕೆಂಪು ಬಡೀತೀನಿ” ಎಂದು ಅಜ್ಜಾರು ಕಣ್ಣು ಮುಚ್ಚಿ, ಹಾಡನ್ನು ನಾಲ್ಕು ಹೆಜ್ಜೆ ಕೇಳಿ, ಕೆಂಪು ಬಿಲ್ಲೆಯನ್ನು ಹಿಡಿದರು. ಪಡಸಾಲೆಯಲ್ಲಿ ಕುಳಿತ ನಮಗೆಲ್ಲ ಕೇಳಿಸಿದ್ದು ಇಷ್ಟು: ಹಾಡಿನ ಏಟೂ ಅವರ ಏಟೂ ಒಂದೇ. ಕೂದಲೆಳೆಯಷ್ಟು ಅಂತರವಿಲ್ಲ. ಆದರೆ ಯಂತ್ರವು ಒಂದಾದಮೇಲೊಂದು ತಪ್ಪು, ತಪ್ಪು ಎಂದು ಹೇಳುತ್ತ ಹೋಗಿ ಒಂದು ನಿಮಿಷದಲ್ಲಿ ಹಾಡನ್ನೇ ನಿಲ್ಲಿಸಿಬಿಟ್ಟಿತು. ನಲವತ್ತು ವರುಷ ಬಾರಿಸಿದ ಕೈ ನಪಾಸು!

ಅಜ್ಜಾರು ನಕ್ಕರು. ಹುಡುಗನು ನಗಲಿಲ್ಲ. “ಇವರು ತಪ್ಪಿಲ್ಲ ಮಾಮಾ” ಎಂದವನೇ ಯೋಚನೆಗೆ ಬಿದ್ದ.

“ನಾವು ಬಾರಿಸೂಕಿಂತ ಮೊದಲ ಹಲಗಿ ಕಾಸತೀವಿ,” ಎಂದರು ಅಜ್ಜಾರು. “ತಂಪು ಹಿಡದ ತೊಗಲು ಸುಳ್ಳು ದನಿ ಹೇಳ್ತದ. ನಿಮ್ಮ ಮಷೀನಿಗೂ ಕಾಸೂದು ಇರಬೇಕಲ್ಲ?”

ಇತ್ತು. ಟೀವಿಯ ದನಿ ಸಣ್ಣದೆಂದು ಹುಡುಗನು ತಂತಿಯಿಲ್ಲದ ಬ್ಲೂಟೂತ್ ಸ್ಪೀಕರಿನಲ್ಲಿ ಹಾಡನ್ನು ಹಚ್ಚಿದ್ದ. ಪುಣೆಯಲ್ಲೂ ಹಾಗೆಯೇ ಮಾಡುತ್ತಿದ್ದ. ಅಂಥ ಸ್ಪೀಕರಿಗೆ ದನಿಯನ್ನು ಕಟ್ಟಿ ಕಳಿಸಿ ಬಿಚ್ಚುವಷ್ಟರಲ್ಲಿ ಸೆಕೆಂಡಿನ ಐದನೆಯೊಂದು ಪಾಲಿನಷ್ಟು ತಡವಾಗುವುದುಂಟು. ಹಾಡು ಕೇಳುವವನಿಗೆ ಅದು ತಿಳಿಯುವುದೇ ಇಲ್ಲ. ಆದರೆ ಆಟವು ಸುಮಾರು ಹತ್ತನೆಯೊಂದು ಪಾಲಿನೊಳಗೆ ಬಿದ್ದ ಏಟನ್ನಷ್ಟೇ ಸರಿಯೆನ್ನುತ್ತದೆ. ಕಿವಿಯನ್ನು ನಂಬಿದ ಅಜ್ಜಾರು ಪ್ರತಿಸಲವೂ ತಡ; ಕಣ್ಣನ್ನು ನಂಬಿದ ಹುಡುಗನಿಗೆ ಅಂಕವೇನೋ ಬರುತ್ತಿತ್ತು, ಆದರೆ ತನ್ನ ಕಿವಿಯನ್ನು ಅಲಕ್ಷಿಸುವ ಅಭ್ಯಾಸವೂ ಬೆಳೆಯುತ್ತಿತ್ತು. ಏಟುಗಳು ದಟ್ಟವಾದಾಗ ಕಣ್ಣು ಸೋಲುವುದು; ನೆರವಿಗೆ ಬರಬೇಕಾದ ಕಿವಿ ಅಷ್ಟರಲ್ಲಿ ಬೇರೆಯದೇ ಲಯ ಹೇಳುತ್ತಿರುವುದು. ಮೂರು ತಿಂಗಳ ಗೋಳಿನ ಅರ್ಧ ಪಾಲು ಇದು. ದನಿಯನ್ನೂ ಚಿತ್ರವನ್ನೂ ಹೊಂದಿಸುವ ಏರ್ಪಾಡು ಆಟದೊಳಗೇ ಉಂಟು. ಅದಕ್ಕಿಂತ ತಂತಿಯ ಸ್ಪೀಕರು ಮೇಲು. ಮಕ್ಕಳಿಗೆ ಈ ಆಟವನ್ನು ಕೊಡಿಸಿರುವ ತಾಯ್ತಂದೆಗಳು ಇದೊಂದನ್ನು ಮೊದಲು ನೋಡಿಕೊಂಡರೆ ಅರ್ಧ ಜಗಳ ತಪ್ಪೀತು.

ಹಳೆಯ ತಂತಿಯ ಸ್ಪೀಕರೊಂದನ್ನು ಅಟ್ಟದಿಂದ ಇಳಿಸಿ ಹಚ್ಚಿದೆವು. ಅಜ್ಜಾರು ಮತ್ತೆ ಕಣ್ಣು ಮುಚ್ಚಿ ಕೆಂಪನ್ನು ಬಾರಿಸಿದರು. ಒಂದು ಏಟೂ ತಪ್ಪಲಿಲ್ಲ. ಅವ್ವ ಚಹ ತಂದಳು, ಮನೆಯವರು ಕುಡಿಯುವ ಕಪ್ಪಿನಲ್ಲೇ.

ಚಹ ಕುಡಿಯುವಾಗ, ಅವರ ಮಗ ಬಾರಿಸುವನೇ ಎಂದು ಹುಡುಗ ಕೇಳಿದ. “ಇಲ್ಲಪಾ, ಮುಟ್ಟಂಗಿಲ್ಲ” ಎಂದರು. ಅವರ ತಂದೆಯ ಕಾಲಕ್ಕೆ ಊರಲ್ಲಿ ಸತ್ತರೂ, ಹಬ್ಬವಾದರೂ ಕರೆದಾಗ ಹೋಗಿ ಬಾರಿಸಲೇಬೇಕಿತ್ತು, ಕೊಟ್ಟದ್ದೇ ಕಾಳು. ತಾವು ಹಣ ಮಾತಾಡಿಕೊಂಡು, ಮನಸ್ಸಿದ್ದರೆ ಮಾತ್ರ ಹೋಗುವರು. ಮಗನು ಅದನ್ನೂ ಒಲ್ಲೆನೆಂದು ವಿಜಯಪುರದಲ್ಲಿ ಮೋಟಾರು ದುರಸ್ತಿಯ ಕೆಲಸ ಹಿಡಿದಿದ್ದಾನೆ. ಹಲಗಿ ಹಿಡಿದವನನ್ನು ಎಲ್ಲಿ ಕೂಡಿಸುವರೆಂಬುದನ್ನು ಕಂಡು ಬೆಳೆದ ಮಗನಿಗೆ ಕಲೆ ಉಳಿಸೆಂದು ಬುದ್ಧಿ ಹೇಳಲು ನನಗೆ ಬಾಯಿಲ್ಲ. ಪ್ಲಾಸ್ಟಿಕ್ ಬಿಲ್ಲೆಗೆ ನಮ್ಮ ಮನೆಯಲ್ಲಿ ಮೊದಲ ದಿನವೇ ಪಡಸಾಲೆಯಲ್ಲಿ ಜಾಗ ದೊರೆತಿತ್ತು.

ಲಯದ ಬರವಂತೂ ನಮ್ಮ ಸೀಮೆಗಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಲ್ಲಿ ಹೋಳಿ ಹುಣ್ಣಿಮೆಗೆ ಹಲಗಿ. ಕಾರಹುಣ್ಣಿಮೆಗೆ ಎತ್ತುಗಳ ಮುಂದೆ ಹಲಗಿ. ಮೊಹರಮ್ಮಿನ ಅಲಾಯಿ ಕುಣಿತಕ್ಕೆ ಎಲ್ಲ ಜಾತಿಯವರೂ ಸುತ್ತುವುದು ಹಲಗಿಯ ಏಟಿಗೇ. ಬೀರಲಿಂಗೇಶ್ವರನ ಗುಡಿಯ ಮುಂದೆ ಡೊಳ್ಳು, ಗೀಗೀ ಪದಕ್ಕೆ ದಪ್ಪು, ಮೆರವಣಿಗೆಗೆ ಕರಡಿ ಮಜಲು. ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಅಚ್ಚು ಹಾಕಿಸಿದರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರ ಆ ಉಪಕಾರದಿಂದ ಮಾತು ಉಳಿಯಿತು. ಏಟನ್ನು ಅಕ್ಷರದಲ್ಲಿ ಹಿಡಿಯುವುದು ಅಷ್ಟು ಸುಲಭವಲ್ಲ.

ಜಾತ್ರೆಯ ದಿನ ಹುಡುಗನು ಮೇಳದ ಹಿಂದೆಯೇ ಸುತ್ತಿ, ಬಾರಿಸಿದ್ದನ್ನೆಲ್ಲ ಫೋನಿನಲ್ಲಿ ತುಂಬಿಕೊಂಡ. ಮೇಳದವರು ಬೆಂಕಿಯ ಸುತ್ತ ಕುಳಿತು ಹಲಗಿ ಕಾಸುವಾಗ ತಾನೂ ಒಂದನ್ನು ಹಿಡಿದು ಕಾಸಿದ. ಅವ್ವ ನೋಡಿದಳು, ಏನೂ ಅನ್ನಲಿಲ್ಲ. ಈವರೆಗೂ ಅಂದಿಲ್ಲ. ಅವರನ್ನು ಈಗಲೂ “ಬಾ” ಎಂದೇ ಕರೆಯುವಳು. ಆದರೆ ಒಳಗೆ ಕರೆಯುವಳು.

ಪುಣೆಗೆ ಹೋದಮೇಲೆ ಹುಡುಗನು ಆ 160ರ ಹಾಡನ್ನು ಐದು ವಾರದಲ್ಲಿ ದಾಟಿದನೆಂದು ಅಕ್ಕ ತಿಳಿಸಿದಳು. ಅದರ ಸುದ್ದಿಯನ್ನು ಅವನು ನನಗೆ ಹೇಳಲೂ ಇಲ್ಲ. ಮೊನ್ನೆ ಫೋನು ಮಾಡಿದ್ದು ಬೇರೆಯದಕ್ಕೆ. ನಮ್ಮ ಹಲಗಿಯ ಏಟುಗಳನ್ನು ಆ ಆಟದ ಪಟ್ಟಿಯಾಗಿ ಬರೆಯುತ್ತಿದ್ದಾನಂತೆ. ದಪ್ಪ ಕೋಲಿಗೆ ಕೆಂಪು, ಸಣ್ಣ ಕೋಲಿಗೆ ಹಳದಿ. ಆದರೆ ಆವರ್ತದ ಮೊದಲ ಏಟು ಯಾವುದೆಂದು ತಿಳಿಯುತ್ತಿಲ್ಲ, ಅಜ್ಜಾರನ್ನು ಕೇಳಿ ಹೇಳು ಮಾಮಾ ಎಂದ.

ಸಿಂದಗಿಯ ಸಂತೆಯಲ್ಲಿ ಅವರು ಸಿಕ್ಕಾಗ ಕೇಳಿದೆ. ಅವರು ಒಂದು ಗಳಿಗೆ ಯೋಚಿಸಿ, ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು, ಬಾಯಲ್ಲೇ ನುಡಿಯುತ್ತ ಹತ್ತು ಹೆಜ್ಜೆ ನಡೆದು ತೋರಿಸಿದರು. “ನನ್ನ ಎಡಗಾಲು ಎಲ್ಲಿ ಬೀಳ್ತದ ನೋಡು ಅಂತ ಹೇಳ್ರಿ” ಎಂದರು. ಅವರ ಕಾಲುಗಳ ಚಿತ್ರವನ್ನು ಫೋನಿನಲ್ಲಿ ಹಿಡಿದು ಪುಣೆಗೆ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಹುಡುಗನಿಗೆ ಪರೀಕ್ಷೆ ನಡೆದಿದೆ.