ಚಂದ್ರನಲ್ಲಿ ದತ್ತಾಂಶ ಭಂಡಾರವೆ?

ಚಂದ್ರನ ಮೇಲೆ ದತ್ತಾಂಶ ಕೇಂದ್ರಗಳನ್ನು ಕಟ್ಟಬಹುದು, ಕಟ್ಟಲೇಬೇಕು ಎಂಬ ವಾದವು ಈಚಿನ ಕೆಲವು ವರ್ಷಗಳಿಂದ ಪ್ರಬಲವಾಗುತ್ತಿದೆ. ಡೇಟಾ ಸೆಂಟರ್ ಎಂದರೇನೆಂಬುದನ್ನು ವಾಚಕರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ನಮ್ಮ ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ದಾಖಲೆ, ಮಕ್ಕಳ ಭಾವಚಿತ್ರ ಇವೆಲ್ಲವೂ ಇಂದು ಅಂತಹ ಯಾವುದೋ ಕಟ್ಟಡದೊಳಗಣ ಯಂತ್ರಗಳಲ್ಲಿವೆ. ಆ ಯಂತ್ರಗಳಿಗೆ ಹಗಲಿರುಳೂ ವಿದ್ಯುತ್ತು ಬೇಕು. ಅವು ಉಗುಳುವ ಶಾಖವನ್ನು ತಣಿಸಲು ಬಹುಕಡೆ ನೀರೂ ಬೇಕು. ಭೂಮಿಗೆ ಭಾರವಾದ ಈ ಹೊರೆಯನ್ನು ಚಂದ್ರನಿಗೆ ಸಾಗಿಸಿಬಿಟ್ಟರೆ ತೊಡಕೆಲ್ಲ ತೀರಿತೆಂಬುದು ವಾದಿಗಳ ಮತ. ಕೇಳುವುದಕ್ಕೆ ಹಿತವಾದ ಈ ಮತವು ಲೆಕ್ಕದ ಮುಂದೆ ನಿಲ್ಲಲಾರದೆಂಬುದು ನಮ್ಮ ಆಕ್ಷೇಪಣೆ.

ಈವರೆಗೆ ನಡೆದಿರುವುದೆಷ್ಟು? ಅಮೆರಿಕದ ಫ್ಲಾರಿಡಾದ ಲೋನ್‌ಸ್ಟಾರ್ ಎಂಬ ಸಂಸ್ಥೆಯು 2025ರ ಫೆಬ್ರವರಿಯಲ್ಲಿ ಒಂದು ಪುಸ್ತಕದ ಗಾತ್ರದ, 8 ಟೆರಾಬೈಟ್ ಹಿಡಿಸುವ ಪೆಟ್ಟಿಗೆಯನ್ನು ಅಥೀನಾ ಎಂಬ ನೌಕೆಯಲ್ಲಿ ಚಂದ್ರನೆಡೆಗೆ ಕಳುಹಿಸಿತು. ಮಾರ್ಗದಲ್ಲಿ ಪೆಟ್ಟಿಗೆ ಸರಿಯಾಗಿ ಕೆಲಸಮಾಡಿತೆಂದು ಸಂಸ್ಥೆಯವರು ಸಾರಿದರು. ಮಾರ್ಚ್ 6ರಂದು ನೌಕೆಯು ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿದು ಮಗ್ಗುಲಾಗಿ ಉರುಳಿತು. ಮರುದಿನವೇ ಅದರ ಕಥೆ ಮುಗಿಯಿತು. ಇಷ್ಟರಿಂದಲೇ ‘ಚಂದ್ರನ ದತ್ತಾಂಶ ಕೇಂದ್ರ’ ಎಂಬ ಹೆಸರು ಪತ್ರಿಕೆಗಳಲ್ಲಿ ಮೆರೆಯಿತು. ಜೇಬಿನಲ್ಲಿ ಒಂದು ಹಿಡಿ ಭತ್ತವಿಟ್ಟುಕೊಂಡು ಹೋದವನನ್ನು ಕಣಜದ ಯಜಮಾನನೆಂದು ಕರೆದಂತಾಯಿತಷ್ಟೆ.

ಅದಿರಲಿ. ವಾದಿಗಳ ಮುಖ್ಯಾಧಾರ ಚಂದ್ರನ ಶೈತ್ಯ. ಅಲ್ಲಿ ಯಂತ್ರಗಳು ತಾವಾಗಿಯೇ ತಣ್ಣಗಿರುವುವಂತೆ! ಇದಕ್ಕಿಂತ ದೊಡ್ಡ ಭ್ರಾಂತಿ ಮತ್ತೊಂದಿಲ್ಲ. ಬಿಸಿ ಕಾಫಿಯನ್ನು ತಣಿಸುವುದು ಅದರ ಮೇಲೆ ಸುಳಿಯುವ ಗಾಳಿ. ಗಾಳಿಯೇ ಇಲ್ಲದೆಡೆ ಶೈತ್ಯವಿದ್ದು ಪ್ರಯೋಜನವೇನು? ಫ್ಲಾಸ್ಕಿನ ಎರಡು ಗೋಡೆಗಳ ನಡುವಣ ಗಾಳಿಯನ್ನು ತೆಗೆಯುವುದು ಶಾಖವು ಹೊರಗೆ ಹೋಗಬಾರದೆಂದೇ ಅಲ್ಲವೆ? ಚಂದ್ರನ ಮೇಲಿನ ಯಂತ್ರವು ಅಂತಹ ಫ್ಲಾಸ್ಕಿನೊಳಗಿದ್ದಂತೆ. ಇನ್ನು ನೆಲಕ್ಕೆ ಶಾಖವನ್ನು ಇಳಿಸೋಣವೆಂದರೆ ಆ ನೆಲದ ಗುಣವನ್ನು ನಮ್ಮವರೇ ಅಳೆದಿದ್ದಾರೆ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ವಿಕ್ರಮನಲ್ಲಿ ಚೇಸ್ಟ್ ಎಂಬ ಉಪಕರಣವಿದ್ದಿತು. ಮೇಲ್ಮೈ ಐವತ್ತು ಡಿಗ್ರಿಗೂ ಮೀರಿ ಕಾದಿರುವಾಗ ಕೇವಲ 80 ಮಿಲಿಮೀಟರು ಆಳದಲ್ಲಿ ಶೂನ್ಯಕ್ಕಿಂತ ಸುಮಾರು 10 ಡಿಗ್ರಿ ಕೆಳಗಿನ ಉಷ್ಣತೆಯನ್ನು ಅದು ಕಂಡಿತು. ಒಂದು ಗೇಣು ಕೂಡ ಇಲ್ಲದ ಮಣ್ಣು ಅಷ್ಟು ತಾಪವನ್ನು ತಡೆದು ನಿಲ್ಲಿಸಿತು! ಮೇಲಿನ ಶಾಖವನ್ನು ಕೆಳಕ್ಕೆ ಬಿಡದ ಧೂಳು ಯಂತ್ರದ ಶಾಖವನ್ನು ಮಾತ್ರ ಔದಾರ್ಯದಿಂದ ಒಯ್ಯುವುದೆ? ಎಂದೂ ಬಿಸಿಲು ಕಾಣದ ಧ್ರುವದ ಕುಳಿಗಳಲ್ಲಿಯೂ ಇರುವುದು ಧೂಳಿನ ನೆಲವೇ.

ಉಳಿದ ಹಾದಿ ಒಂದೇ: ದೊಡ್ಡ ಫಲಕಗಳನ್ನು ಹರಡಿ ಶಾಖವನ್ನು ಕಿರಣರೂಪವಾಗಿ ಆಕಾಶಕ್ಕೆ ಚೆಲ್ಲುವುದು. 27 ಡಿಗ್ರಿ ಉಷ್ಣತೆಯ ಫಲಕವು, ಅದು ಪೂರ್ಣ ಕಪ್ಪು ವಸ್ತುವೇ ಆಗಿದ್ದರೂ, ಒಂದು ಚದರ ಮೀಟರಿನಿಂದ 460 ವಾಟ್‌ನಷ್ಟನ್ನು ಮಾತ್ರ ಚೆಲ್ಲಬಲ್ಲುದು. ಹೀಗಾಗಿ ಒಂದು ಮೆಗಾವಾಟಿನ ಸಣ್ಣ ಕೇಂದ್ರಕ್ಕೂ ಅರ್ಧ ಎಕರೆಗೆ ಮೀರಿದ ಫಲಕ ಬೇಕು. ಭೂಮಿಯ ಮೇಲೆ ಈಗ ಸಾಮಾನ್ಯವಾಗುತ್ತಿರುವ ನೂರು ಮೆಗಾವಾಟಿನದಕ್ಕೆ ಐವತ್ತು ಎಕರೆ ಮೀರುತ್ತದೆ. ಫಲಕವನ್ನು ಇನ್ನೂ ಬಿಸಿಯಾಗಿಟ್ಟರೆ ವಿಸ್ತಾರ ಕುಗ್ಗುವುದು ನಿಜ. ಆದರೆ ಯಂತ್ರವೂ ಅಷ್ಟೇ ಬೇಯಬೇಕಾಗುವುದು. ಫಲಕದ ಮೇಲೆ ಬಿಸಿಲು ಬಿದ್ದರೆ, ಧೂಳು ಕೂತರೆ ಲೆಕ್ಕ ಮತ್ತಷ್ಟು ಕೆಡುತ್ತದೆ.

ಎರಡನೆಯ ಆಧಾರ ಸೂರ್ಯನ ಬೆಳಕು. ಮೋಡವಿಲ್ಲದ ಆಕಾಶ, ಮುಗಿಯದ ವಿದ್ಯುತ್ತು! ಆದರೆ ಚಂದ್ರನ ರಾತ್ರಿ ಹದಿನಾಲ್ಕು ದಿನಕ್ಕೂ ಮಿಗಿಲಾದುದೆಂಬುದನ್ನು ಇವರು ಮೆಲ್ಲನೆ ದಾಟಿಬಿಡುತ್ತಾರೆ. ವಿಕ್ರಮನು ಒಂದು ಚಾಂದ್ರ ಹಗಲಿಗೆಂದೇ ನಿರ್ಮಿತನಾದವನು. ಸೆಪ್ಟೆಂಬರ್ 4ರಂದು ಅವನನ್ನು ಮಲಗಿಸಿದರು. ಬೆಳಗಾದ ಮೇಲೆ 22ರಂದು ಬೆಂಗಳೂರಿನಿಂದ ಕೂಗಿ ಕರೆದರೂ ಓಗೊಡಲಿಲ್ಲ. ಒಂದು ಮೆಗಾವಾಟಿನ ಕೇಂದ್ರವು ಅಂತಹ ರಾತ್ರಿಯನ್ನು ಕಳೆಯಬೇಕಾದರೆ ಸುಮಾರು 350 ಮೆಗಾವಾಟ್-ಗಂಟೆಗಳ ವಿದ್ಯುತ್ತನ್ನು ಕೂಡಿಟ್ಟಿರಬೇಕು. ಕಿಲೋಗ್ರಾಮಿಗೆ 200 ವಾಟ್-ಗಂಟೆ ಹಿಡಿಯುವ ಉತ್ತಮ ಬ್ಯಾಟರಿಗಳೇ ಆದರೂ ತೂಕ 1,750 ಟನ್ನು. ಇಂಧನಸಹಿತವಾದ ವಿಕ್ರಮನ ತೂಕ 1,752 ಕಿಲೋಗ್ರಾಂ. ಅಂದರೆ ಒಂದು ಸಾವಿರ ವಿಕ್ರಮರ ತೂಕದ ಬ್ಯಾಟರಿಯನ್ನು ಹೊರಬೇಕು, ಯಂತ್ರಗಳ ಮಾತು ಆಮೇಲೆ. ಧ್ರುವದ ಕೆಲವು ಶಿಖರಗಳಲ್ಲಿ ವರ್ಷದ ಹೆಚ್ಚು ಕಾಲ ಬಿಸಿಲಿರುವುದುಂಟು; ಅಂತಹ ಸ್ಥಳಗಳು ಬೆರಳೆಣಿಕೆಯವು, ಅವುಗಳ ಮೇಲೆ ಎಲ್ಲ ದೇಶಗಳ ಕಣ್ಣೂ ಇದೆ. ಪರಮಾಣು ಯಂತ್ರವನ್ನು ಒಯ್ಯೋಣವೆನ್ನುವವರಿಗೆ ಒಂದು ಮಾತು: 2025ರ ಆಗಸ್ಟಿನಲ್ಲಿ ಅಮೆರಿಕದ ನಾಸಾ ತನ್ನ ಮುಂದಿಟ್ಟುಕೊಂಡ ಗುರಿ 100 ಕಿಲೋವಾಟಿನದು. ನಾವು ಲೆಕ್ಕಹಾಕಿದ ಸಣ್ಣ ಕೇಂದ್ರಕ್ಕೇ ಅಂತಹವು ಹತ್ತು ಬೇಕು.

ಮೂರನೆಯದು ಕ್ಷೇಮದ ವಾದ. ಭೂಮಿಯಲ್ಲಿ ಯುದ್ಧ, ಪ್ರವಾಹ, ಭೂಕಂಪಗಳುಂಟು; ಅಮೂಲ್ಯವಾದ ದಾಖಲೆಗಳ ಪ್ರತಿಯೊಂದು ಚಂದ್ರನಲ್ಲಿರಲಿ ಎನ್ನುವರು. ಮೂರರಲ್ಲಿ ಇದೊಂದೇ ಗೌರವಕ್ಕೆ ಯೋಗ್ಯವಾದುದು. ಆದರೂ ವಾಯುಕವಚವಿಲ್ಲದ ಆ ನೆಲದ ಮೇಲೆ ವಿಶ್ವಕಿರಣಗಳು ನೇರವಾಗಿ ಬೀಳುತ್ತವೆ. ಚೀನದ ಚಾಂಗ್‌ಇ-4 ನೌಕೆಯು ಅಲ್ಲಿ ಅಳೆದ ವಿಕಿರಣವು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿರುವುದರ ಎರಡೂವರೆ ಪಟ್ಟಿಗಿಂತ ಹೆಚ್ಚು. ಅಕ್ಷರಗಳನ್ನು ಅಳಿಸಬಲ್ಲ ಕಿರಣಗಳ ನಡುವೆ ಅಕ್ಷರಭಂಡಾರ! 2019ರ ಏಪ್ರಿಲಿನಲ್ಲಿ ಇಸ್ರೇಲಿನ ಬೆರೆಶೀಟ್ ನೌಕೆಯು ಮೂರು ಕೋಟಿ ಪುಟಗಳ ಗ್ರಂಥಭಂಡಾರವೊಂದನ್ನು ಹೊತ್ತುಕೊಂಡು ಹೋಗಿ ಚಂದ್ರನಿಗೆ ಅಪ್ಪಳಿಸಿತು. ಹೋಗಲಿ, ಕ್ಷೇಮವಾಗಿ ಇಳಿಯಿತೆನ್ನೋಣ. ಪುಸ್ತಕವನ್ನು ಹೊಸದಾಗಿ ಸೇರಿಸುವುದು ಹೇಗೆ? 2013ರಲ್ಲಿ ನಾಸಾ ಲೇಸರ್ ಕಿರಣದಿಂದ ನಡೆಸಿದ ಪ್ರಸಿದ್ಧ ಪ್ರಯೋಗದಲ್ಲಿ ಭೂಮಿಯಿಂದ ಚಂದ್ರನೆಡೆಗೆ ಕಳುಹಿಸಿದ ವೇಗ ಸೆಕೆಂಡಿಗೆ 20 ಮೆಗಾಬಿಟ್. ಆ ವೇಗದಲ್ಲಿ ಮೇಲ್ಕಂಡ ಪುಟ್ಟ ಪೆಟ್ಟಿಗೆಯನ್ನು ತುಂಬಿಸಲು 37 ದಿನ ಎಡೆಬಿಡದೆ ಕಳುಹಿಸಬೇಕು. ಮುಂದೆ ವೇಗ ಹೆಚ್ಚೀತು. ಆದರೆ ಪ್ರಶ್ನೆ ಹೋಗಿ ಉತ್ತರ ಬರುವ ಎರಡೂವರೆ ಸೆಕೆಂಡುಗಳನ್ನು ಬೆಳಕೂ ಕಡಿಮೆ ಮಾಡಲಾರದು. ಕೆಟ್ಟ ಬಿಡಿಭಾಗವನ್ನು ಬದಲಿಸಲು ಅಲ್ಲಿ ಯಾರಿದ್ದಾರೆ? ಅದೇ ಹಣದಲ್ಲಿ ಭೂಮಿಯ ಹತ್ತು ದೇಶಗಳಲ್ಲಿ ಹತ್ತು ಪ್ರತಿಗಳನ್ನಿಡಬಹುದು. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪದ ಹಳೆಯ ಕಲ್ಲಿದ್ದಲ ಗಣಿಯಲ್ಲಿ 2017ರಿಂದ ಇಂತಹ ಭಂಡಾರವೊಂದು ಇದ್ದೇ ಇದೆ.

ಹೀಗಿರಲು ಈ ಮಾತಿಗೆ ನಾವೇಕೆ ಇಷ್ಟು ಮಹತ್ವ ಕೊಡಬೇಕೆಂದು ಕೆಲವರು ಕೇಳಿಯಾರು. ಕೊಡಬೇಕು, ಏಕೆಂದರೆ ಹೊರೆ ಇಲ್ಲಿಯೇ ಇದೆ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಎಣಿಕೆಯಂತೆ 2024ರಲ್ಲಿ ಈ ಕೇಂದ್ರಗಳು ಜಗತ್ತಿನ ವಿದ್ಯುತ್ತಿನಲ್ಲಿ ಶೇಕಡ ಒಂದೂವರೆಯಷ್ಟನ್ನು ಬಳಸಿದವು. ಐರ್ಲೆಂಡಿನಲ್ಲಿ ಅದೇ ವರ್ಷ ಶೇಕಡ 22. ‘ನಾಳೆ ಇವೆಲ್ಲ ಚಂದ್ರನಿಗೆ ಹೋಗುವುವು’ ಎಂದು ಕೇಳಿ ಬೆರಗಾದವನು ಇಂದಿನ ವಿದ್ಯುತ್ತಿನ, ನೀರಿನ ಲೆಕ್ಕ ಕೇಳುವುದನ್ನು ಮರೆಯುತ್ತಾನೆ. ಇಂತಹ ಕೇಂದ್ರಗಳು ನಮ್ಮ ಬೆಂಗಳೂರಿನಲ್ಲಿಯೂ ಇವೆ. 2024ರ ಬೇಸಿಗೆಯಲ್ಲಿ ಆ ನಗರದ ಕೊಳವೆಬಾವಿಗಳು ಬತ್ತಿ ಜನರು ಟ್ಯಾಂಕರಿನ ಮುಂದೆ ಕೊಡವಿಟ್ಟು ನಿಂತುದನ್ನು ವಾಚಕರು ಮರೆತಿರಲಾರರು. ಹೊಸ ಕೇಂದ್ರಕ್ಕೆ ನೆಲ ಬೇಡಿಬರುವ ಪ್ರತಿಯೊಂದು ಕಂಪನಿಯೂ ದಿನಕ್ಕೆ ಎಷ್ಟು ಲೀಟರು ನೀರು, ಯಾವ ಮೂಲದಿಂದ, ಎಷ್ಟು ಮೆಗಾವಾಟ್ ವಿದ್ಯುತ್ತು, ಬೇಸಿಗೆಯಲ್ಲಿ ಕೊರತೆ ಬಂದರೆ ಮೊದಲು ಕಡಿತ ಯಾರಿಗೆ ಎಂಬುದನ್ನು ಬರೆದುಕೊಡಲಿ. ಸರಕಾರವು ಆ ಕಾಗದವನ್ನು ಮಂಜೂರಾತಿಗೆ ಮುಂಚೆಯೇ ಕನ್ನಡದಲ್ಲಿ ಪ್ರಕಟಿಸಲಿ.