ಮೆಟ್ಟಿಲು ಬೇಕು, ಮೂಲೆ ಬೇಡ

ಉಚ್ಚಿಲದ ಆಸುಪಾಸಿನ ಒಂದು ಶಾಲೆ. ಹೆಸರು ಬೇಡ. ನಮ್ಮ ಕೇರಿಯ ಹುಡುಗನೊಬ್ಬ ಅಲ್ಲಿ ಐದನೇ ಕ್ಲಾಸು. ಜೂನಿನಿಂದ ಕೊನೆಯ ಬೆಂಚಿನ ಮೂಲೆಯಲ್ಲಿ ಕೂತಿದ್ದಾನೆ. ಯಾಕೆ ಅಂತ ಕೇಳಲಿಕ್ಕೆ ಹೋದೆವು. 'ಅವ ನಿಧಾನ ಕಲಿಕೆಯವ, ಅವನಿಗೆ ಬೇರೆ ಗುಂಪು ಮಾಡಿದ್ದೇವೆ' ಅಂದರು. ಸರಿ, ಆ ಗುಂಪಿಗೆ ಏನು ಕಲಿಸ್ತೀರಿ? 'ಕಾಪಿ ಬರೀಲಿಕ್ಕೆ ಕೊಡ್ತೇವೆ.' ಆ ಗುಂಪಿನಿಂದ ಯಾವಾಗ ಹೊರಗೆ ಬರ್ತಾನೆ? ಇದಕ್ಕೆ ಉತ್ತರ ಇರಲಿಲ್ಲ. ಈ ಪ್ರಶ್ನೆಯನ್ನ ಯಾರೂ ಅವರಲ್ಲಿ ಕೇಳಿಯೇ ಇರಲಿಲ್ಲ ಅಂತ ಕಾಣುತ್ತದೆ. ಆ ಗುಂಪಿನಲ್ಲಿ ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಒಂದು ಮಗು ಬಿಟ್ಟರೆ ಮಿಕ್ಕವರೆಲ್ಲ ನಮ್ಮವರೇ.

ಗುಂಪು ಮಾಡೋದೇ ತಪ್ಪು ಅಂತ ನಾವು ಹೇಳ್ತಾ ಇಲ್ಲ. ಲೋಕದ ಹಲವು ಕಡೆ ಶಾಲೆಗಳಲ್ಲಿ ಹಂತ ಹಂತದ ಬೆಂಬಲ ಅನ್ನೋ ಪದ್ಧತಿ ಇದೆ. ಮೊದಲನೇ ಹಂತ ಎಲ್ಲರಿಗೂ: ಒಳ್ಳೆ ಪಾಠ, ಸಮಾನ ಮರ್ಯಾದೆ. ಅದರಲ್ಲಿ ಎಡವಿದ ಮಕ್ಕಳನ್ನ ನಾಲ್ಕೈದು ಜನರ ಸಣ್ಣ ಗುಂಪಾಗಿ ಕೂರಿಸಿ, ಎಡವಿದ ಜಾಗವನ್ನೇ ಕೆಲವು ವಾರ ಹೆಚ್ಚಿಗೆ ಹೇಳಿಕೊಡೋದು ಎರಡನೆಯದು. ಅದೂ ಸಾಲದ ಒಂದೊಂದು ಮಗುವಿನ ಜತೆ ಒಬ್ಬರೇ ಕೂತು ಕಲಿಸೋದು ಮೂರನೆಯದು. ನಡತೆಗೂ ಇದೇ ಕ್ರಮ. ಸಿಟ್ಟು ಮಾಡುವ ಮಗುವಿಗೆ ಬೆತ್ತ ಎತ್ತೋದಲ್ಲ, ದಿನಾ ಬೆಳಿಗ್ಗೆ ಅದರ ಹತ್ತಿರ ಮಾತಾಡಲಿಕ್ಕೆ ಒಬ್ಬ ದೊಡ್ಡವರನ್ನ ಗೊತ್ತು ಮಾಡೋದು. ಆಗಾಗ ಅಳೆದು ನೋಡಬೇಕು. ಕಲಿತ ಮಗು ತಿರುಗಿ ಮೊದಲನೇ ಹಂತಕ್ಕೆ ಬರಬೇಕು. ಇಡೀ ಪದ್ಧತಿಯ ಜೀವ ಇರೋದು ಈ ತಿರುಗಿ ಬರೋದರಲ್ಲಿ.

ಹಂತ ಅಂದ ಕೂಡಲೇ ನಮಗೆ ಮೈ ಉರಿಯೋದು ಸಹಜ. 1920ರ ಜನವರಿಯಲ್ಲಿ ಹೊರಟ 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲೇ ಬಾಬಾಸಾಹೇಬರು ಹಿಂದೂ ಸಮಾಜವನ್ನ ಮೆಟ್ಟಿಲೇ ಇಲ್ಲದ ಅಂತಸ್ತುಗಳ ಕಟ್ಟಡಕ್ಕೆ ಹೋಲಿಸಿದ್ದರು. ಹುಟ್ಟಿದ ಅಂತಸ್ತಿನಲ್ಲೇ ಸಾಯಬೇಕು. ಆದ್ದರಿಂದ ಯಾವ ಶಾಲೆಯಲ್ಲಿ ಯಾವ ಗುಂಪು ಮಾಡಿದರೂ ನಾವು ಮೊದಲು ಹುಡುಕಬೇಕಾದ್ದು ಮೆಟ್ಟಿಲನ್ನ. ಮೆಟ್ಟಿಲು ಇದ್ದರೆ ಅದು ಬೆಂಬಲ. ಇಲ್ಲದಿದ್ದರೆ ಅದು ಕೇರಿಯೇ, ಶಾಲೆಯ ಒಳಗೆ ಕಟ್ಟಿದ ಕೇರಿ.

ಮೆಟ್ಟಿಲು ಕಟ್ಟಲಿಕ್ಕೆ ಸಾಧ್ಯ ಅಂತ ನಮ್ಮ ರಾಜ್ಯವೇ ತೋರಿಸಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ 'ನಲಿ ಕಲಿ' ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯಲ್ಲಿ ನಡೀತಿದ್ದ ಕೆಲಸ ಕಂಡ ಸರಕಾರಿ ಮಾಸ್ತರುಗಳೇ ಅದನ್ನ ಕಾಡಂಚಿನ ಮಕ್ಕಳಿಗೆ ಒಗ್ಗಿಸಿದರು. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂತು. ಅಲ್ಲಿ ಬೆಂಚಿಲ್ಲ, ಹಾಗಾಗಿ ಕೊನೆಯ ಬೆಂಚೂ ಇಲ್ಲ. ಗೋಡೆಯ ಮೇಲೆ ಕಲಿಕೆಯ ಏಣಿ, ಕೈಯಲ್ಲಿ ಕಾರ್ಡು. ಮಾಸ್ತರ ಪೂರ್ತಿ ಸಹಾಯ ಬೇಕಾದವರು ಒಂದು ತಂಡ, ಅರ್ಧ ಸಹಾಯ ಸಾಕಾದವರು ಇನ್ನೊಂದು, ಗೆಳೆಯರ ಸಹಾಯದಿಂದ ಕಲಿಯುವವರು ಬೇರೆ, ತಾವೇ ಕಲಿಯುವವರು ಬೇರೆ. ಕಾರ್ಡು ಬದಲಾದ ಹಾಗೆ ತಂಡವೂ ಬದಲು. ಇವತ್ತು ಮಾಸ್ತರ ಪಕ್ಕ ಕೂತವಳು ನಾಳೆ ಬೇರೆಯವರಿಗೆ ಹೇಳಿಕೊಡ್ತಾಳೆ. ಹದಿನೈದು ದಿನ ಶಾಲೆ ತಪ್ಪಿದ ಮಗು ಬಂದಾಗ ತಾನು ಬಿಟ್ಟ ಕಾರ್ಡಿನಿಂದಲೇ ಹತ್ತುತ್ತದೆ. ಕೂಲಿಗೆ ಊರೂರು ಅಲೆಯುವವರ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದಿದೆ? ಎಲ್ಲ ಶಾಲೆಯಲ್ಲೂ ಅದು ನೆಟ್ಟಗೆ ನಡೆಯಿತು ಅಂತಲ್ಲ. ಮೂರು ತರಗತಿಗೆ ಒಬ್ಬರೇ ಟೀಚರು, ಜತೆಗೆ ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ. ಆದರೂ ಏಣಿ ಅಂತ ಒಂದಿತ್ತು. ಮೇಲಿನ ತರಗತಿಗೆ ಹೋದಾಗ ಅದನ್ನ ಕಿತ್ತುಕೊಳ್ತಾರೆ. ಒಂದೇ ಪುಸ್ತಕ, ಒಂದೇ ಬೆಲ್ಲು, ಬಾರದವನಿಗೆ 'ಸಿ' ಗ್ರೇಡು.

ಭಾಷೆಯ ವಿಚಾರ ಯಾರೂ ಎತ್ತೋದಿಲ್ಲ. ನಮ್ಮ ಮಗು ಮನೆಯಲ್ಲಿ ಆಡೋದು ತುಳು. ಬೆಕ್ಕಿನ ಚಿತ್ರ ತೋರಿಸಿದರೆ 'ಪುಚ್ಚೆ' ಅನ್ನುತ್ತದೆ. ಉತ್ತರ ಸರಿ ಇದೆ, ಆದರೆ ತಪ್ಪು ಅಂತ ಬೀಳುತ್ತದೆ. ಕೆಲವು ಕೊರಗರ ಮನೆಗಳಲ್ಲಿ ಅವರದೇ ಭಾಷೆ ಇದೆ. ಅಲ್ಲಿಂದ ತುಳುವಿಗೆ, ತುಳುವಿನಿಂದ ಕನ್ನಡಕ್ಕೆ, ಈಗ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷಿಗೆ ಆ ಕೂಸು ಜಿಗಿಯಬೇಕು. ನಾಲ್ಕು ಭಾಷೆ ದಾಟುವ ಮಗುವನ್ನ ದಡ್ಡ ಅನ್ನುವವರ ಬುದ್ಧಿಗೆ ಏನನ್ನೋಣ?

ಇನ್ನು ನಡತೆ. ನಮ್ಮ ಹುಡುಗ ಹೊಡೆದ ಅಂತ ದೂರು ಬರುತ್ತದೆ. ಹೊಡೆದದ್ದು ಹೌದು. ಅದಕ್ಕೆ ಮೊದಲು ಅವನನ್ನ ಯಾರು ಜಾತಿ ಹಿಡಿದು ಕರೆದರು ಅಂತ ದೂರಿನಲ್ಲಿ ಬರೆದಿರೋದಿಲ್ಲ. ಹುಡುಗಿ ತರಗತಿಯಲ್ಲಿ ಬಾಯಿ ಬಿಡೋದಿಲ್ಲ, ಅಹಂಕಾರ ಅಂತಾರೆ. ಅವಳು ಬಾಯಿ ಬಿಟ್ಟ ದಿನ ಯಾರು ನಕ್ಕರು? ಆದ್ದರಿಂದ ನಡತೆಯ ಹಂತ ಅನ್ನೋದು ಮೊದಲು ಇಡೀ ತರಗತಿಗೆ, ಮಾಸ್ತರನ್ನೂ ಸೇರಿಸಿ, ಶುರುವಾಗಬೇಕು. ನಮ್ಮ ಮಗುವೊಂದನ್ನೇ ತಿದ್ದಲಿಕ್ಕೆ ಬಂದರೆ ನಾವು ಒಪ್ಪುವವರಲ್ಲ. ಈ ಮೋಸ ಅಮೆರಿಕದ ಕರಿಯರೂ ಕಂಡಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಬುದ್ಧಿ ಅಳೆಯುವ ಪರೀಕ್ಷೆ ಇಟ್ಟು ಕರಿಯ ಮಕ್ಕಳನ್ನ ಬುದ್ಧಿಮಾಂದ್ಯರ ತರಗತಿಗೆ ತಳ್ಳುತ್ತಿದ್ದರು. ತಾಯಿ ತಂದೆಯರು ಕೋರ್ಟಿಗೆ ಹೋದರು. ಹಾಗೆ ತಳ್ಳಲಿಕ್ಕೆ ಆ ಪರೀಕ್ಷೆಯನ್ನ ಬಳಸಬಾರದು ಅಂತ 1979ರಲ್ಲಿ ತೀರ್ಪು ಬಂತು.

ನಮ್ಮ ಕೈಯಲ್ಲೂ ಕಾನೂನು ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಓದಿ. ಪ್ರತಿಯೊಂದು ಮಗುವಿನ ಕಲಿಕೆಯ ಶಕ್ತಿ ನೋಡಿ, ಬೇಕಾದ ಹೆಚ್ಚಿನ ಪಾಠ ಕೊಡೋದು ಶಿಕ್ಷಕರ ಕರ್ತವ್ಯ ಅಂತ ಅದರಲ್ಲಿದೆ. 17ನೇ ಕಲಮಿನಲ್ಲಿ ಹೊಡೆಯೋದಕ್ಕೆ ಮಾತ್ರವಲ್ಲ, ಮನಸ್ಸಿಗೆ ಹಿಂಸೆ ಕೊಡೋದಕ್ಕೂ ತಡೆ ಇದೆ. ಹೆಚ್ಚಿನ ಪಾಠ ಅವರು ನಮಗೆ ಮಾಡುವ ದಯೆಯಲ್ಲ. ಮೂಲೆಯಲ್ಲಿ ಕೂರಿಸಿ ಕಾಪಿ ಬರೆಸೋದು ಆ ಪಾಠವೂ ಅಲ್ಲ.

2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ ಶೇಕಡಾ 94 ಪಡೆದು ರಾಜ್ಯಕ್ಕೆ ಮೊದಲು. ಸಂತೋಷ. ಪೇಪರಿನಲ್ಲಿ ಲಾಡು ತಿನ್ನಿಸುವ ಫೋಟೋ ನಾವೂ ನೋಡಿದೆವು. ಆದರೆ ಮಿಕ್ಕ ಆರು ಯಾರ ಮನೆಯವು? ಎಂಟನೇ ಕ್ಲಾಸಿನಲ್ಲೇ ಬಿಟ್ಟು ಬಂದರಿಗೋ ಗಾರೆ ಕೆಲಸಕ್ಕೋ ಹೋದವರು ಈ ನೂರರ ಲೆಕ್ಕದಲ್ಲೇ ಇಲ್ಲವಲ್ಲ!

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಕುದ್ಮುಲ್ ರಂಗರಾಯರು ನಮ್ಮ ಮಕ್ಕಳಿಗೆ ಶಾಲೆ ತೆರೆದರು. ಅವರ ಕಾರಿನ ಧೂಳಿನ ಮಾತನ್ನ ಜಯಂತಿ ಭಾಷಣದಲ್ಲಿ ಎಲ್ಲರೂ ಹೇಳ್ತಾರೆ. ಅವರು ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿದ್ದನ್ನ ಹೇಳುವವರು ಕಮ್ಮಿ. ಹಸಿದ ಮಗುವಿಗೆ ಅಕ್ಷರ ಹತ್ತೋದಿಲ್ಲ ಅಂತ ಅವರಿಗೆ ಗೊತ್ತಿತ್ತು. ಮೊದಲನೇ ಹಂತ ಅಂದರೆ ಅದೇ.

ಹಾಸ್ಟೆಲಿನ ಗೆಳೆಯರೇ, ಈಗ ನಿಮ್ಮ ಹತ್ತಿರ ಒಂದು ಮಾತು. ರಜೆಯಲ್ಲಿ ಊರಿಗೆ ಬಂದಾಗ ನಿಮ್ಮ ಕೇರಿಯ ಶಾಲೆಗೆ ಹೋಗಿ. ಒಬ್ಬರೇ ಹೋಗಬೇಡಿ, ಮಗುವಿನ ತಾಯಿಯನ್ನ ಕರಕೊಂಡು ಹೋಗಿ. ಜಗಳಕ್ಕೆ ನಿಲ್ಲಬೇಡಿ, ಒಳ್ಳೆ ಟೀಚರುಗಳು ಇದ್ದಾರೆ, ಅವರಿಗೂ ನಮ್ಮ ಬಲ ಬೇಕು. ಈ ಮಗುವಿಗೆ ಯಾವುದು ಬರೋದಿಲ್ಲ, ಅದನ್ನ ಯಾರು ಯಾವ ಹೊತ್ತಿಗೆ ಕಲಿಸ್ತಾರೆ, ಮತ್ತೆ ಯಾವ ತಾರೀಕಿಗೆ ನೋಡ್ತಾರೆ ಅಂತ ಬರೆದು ಕೊಡಲಿಕ್ಕೆ ಕೇಳಿ. ಎಸ್‌ಡಿಎಂಸಿಯಲ್ಲಿ ನಮ್ಮವರು ಇದ್ದರೆ ಸಭೆಯ ಪುಸ್ತಕದಲ್ಲಿ ಅದು ದಾಖಲಾಗಲಿ.

ಸಂಜೆ ಒಂದು ಗಂಟೆ ಮಕ್ಕಳ ಜತೆ ಕೂರಿ. ನೀವು ಕೂಡಾ ಅದೇ ಮೂಲೆಯಿಂದ ಎದ್ದು ಬಂದವರು, ಎಲ್ಲಿ ಎಡವುತ್ತದೆ ಅಂತ ಬಿ.ಎಡ್. ಮಾಡಿದವರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಪುಸ್ತಕ ತೆಗೆಸುವ ಮೊದಲು ತುಳುವಿನಲ್ಲೇ ನಾಲ್ಕು ಮಾತಾಡಿ. ಊಟ ಆಯಿತಾ ಕೇಳಿ. ಮಗ್ಗಿ ಆಮೇಲೆ.