ಹಳೆಯ ಕಾರಿನ ಕೊನೆಯ ಓಟ

ಇಂಗ್ಲೆಂಡಿನ ಪೂರ್ವಭಾಗದ ಇಪ್ಸ್‌ವಿಚ್ ಪಟ್ಟಣದ ಬಳಿ ಫಾಕ್ಸ್‌ಹಾಲ್ ಎಂಬ ಕ್ರೀಡಾಂಗಣವೊಂದಿದೆ. ಅಲ್ಲಿ ನಡೆಯುವ ಒಂದು ಬಗೆಯ ಮೋಟಾರು ಪಂದ್ಯವನ್ನು ಮೊದಲ ಸಲ ಕಾಣುವವನು ತನ್ನ ಕಣ್ಣುಗಳನ್ನು ತಾನೇ ನಂಬಲಾರನು. ಮೊಟ್ಟೆಯಾಕಾರದ ಕಿರಿದಾದ ಹಾದಿಯಲ್ಲಿ ಹತ್ತಾರು ಕಾರುಗಳು ಏಕಕಾಲಕ್ಕೆ ನುಗ್ಗುತ್ತವೆ. ಮೊದಲ ತಿರುವು ಬರುವಷ್ಟರಲ್ಲಿಯೇ ಹಿಂದಿನ ಕಾರು ಮುಂದಿನದರ ಬೆನ್ನಿಗೆ ಗುದ್ದುತ್ತದೆ. ಗುದ್ದಿಸಿಕೊಂಡದ್ದು ಹಾದಿಯಂಚಿನ ತಡೆಗೆ ಹೋಗಿ ಅಪ್ಪಳಿಸುತ್ತದೆ. ಅದರ ಮೇಲೆ ಮೂರನೆಯದು ಏರುತ್ತದೆ. ತಗಡು ಮುದುರುವ ಸದ್ದು, ಒಡೆದ ರೇಡಿಯೇಟರಿನ ಹಬೆ, ಸುಟ್ಟ ರಬ್ಬರಿನ ವಾಸನೆ ಇವುಗಳ ನಡುವೆ ತಾಯಿತಂದೆಯರೊಡನೆ ಬಂದ ಮಕ್ಕಳು ಚಪ್ಪಾಳೆ ತಟ್ಟಿ ಕುಣಿಯುತ್ತಾರೆ. ಅಪಘಾತದಂತೆ ಕಾಣುವ ಈ ಆಟಕ್ಕೆ ಬ್ಯಾಂಗರ್ ಪಂದ್ಯವೆಂದು ಹೆಸರು.

ಬ್ಯಾಂಗರ್ ಎಂದರೆ ಇಂಗ್ಲಿಷರ ಆಡುಮಾತಿನಲ್ಲಿ ಲಟಾರಿ ಗಾಡಿ. ನಮ್ಮವರು ನಗುತ್ತ ಡಕೋಟಾ ಎನ್ನುವಂಥದು. ಪಂದ್ಯಕ್ಕೆ ಇಳಿಸುವ ಮುನ್ನ ಅದರ ಗಾಜುಗಳನ್ನೂ ಒಳಗಿನ ಮೆತ್ತೆಗಳನ್ನೂ ಕಿತ್ತುಹಾಕುತ್ತಾರೆ. ಮೂಲದ ಪೆಟ್ರೋಲು ತೊಟ್ಟಿಯನ್ನು ತೆಗೆದು, ಗುದ್ದು ತಾಗದ ಎಡೆಯಲ್ಲಿ ಚಿಕ್ಕದೊಂದನ್ನು ಕೂಡಿಸುತ್ತಾರೆ. ಚಾಲಕನ ಸುತ್ತಲೂ ಉಕ್ಕಿನ ಕಂಬಿಗಳ ಆಸರೆ, ತಲೆಗೆ ಶಿರಸ್ತ್ರಾಣ, ಎದೆಗೆ ಬಿಗಿಯಾದ ಪಟ್ಟಿ. ಅವನ ಪಕ್ಕದ ಬಾಗಿಲಿಗೆ ಸಾಮಾನ್ಯವಾಗಿ ಬಿಳಿಯ ಬಣ್ಣ. ಅಲ್ಲಿಗೆ ಗುದ್ದಬಾರದು ಎಂಬುದಕ್ಕೆ ಅದು ಗುರುತು. ಉಳಿದಂತೆ ಎದುರಾಳಿಯನ್ನು ಗುದ್ದಿ ದಾರಿಯಿಂದ ತಳ್ಳುವುದು ಧರ್ಮಸಮ್ಮತವೇ. ದಿನದ ಕೊನೆಗೆ ಅಳಿದುಳಿದ ಕಾರುಗಳನ್ನೆಲ್ಲ ಕಣಕ್ಕೆ ಬಿಟ್ಟು, ಕೊಟ್ಟಕೊನೆಯವರೆಗೆ ಯಾವುದು ಚಲಿಸುತ್ತದೆಯೋ ಅದಕ್ಕೆ ಜಯಮಾಲೆ ಹಾಕುವ ಪದ್ಧತಿಯೂ ಉಂಟು.

ಈ ಆಟದ ಹುಟ್ಟು ಬಡತನದಲ್ಲಿ. 1954ರ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನ ನ್ಯೂ ಕ್ರಾಸ್ ಕ್ರೀಡಾಂಗಣದಲ್ಲಿ ಸ್ಟಾಕ್ ಕಾರ್ ಪಂದ್ಯವು ಬ್ರಿಟನ್ನಿಗೆ ಮೊದಲು ಕಾಲಿಟ್ಟಿತು. ಹಳೆಯ ಕಾರುಗಳನ್ನು ಗುದ್ದಾಡಿಸುವ ಈ ವಿನೋದಕ್ಕೆ ಜನ ಮುಗಿಬಿದ್ದರು. ಆದರೆ ವರ್ಷಗಳು ಉರುಳಿದಂತೆ ಸ್ಟಾಕ್ ಕಾರುಗಳು ಪಂದ್ಯಕ್ಕೆಂದೇ ಕಟ್ಟಿದ ದುಬಾರಿ ಯಂತ್ರಗಳಾದವು. ಕಾರ್ಖಾನೆಯಲ್ಲಿ ದುಡಿಯುವ ಹುಡುಗನ ಕೈಗೆ ಅವು ಎಟುಕದಾದಾಗ 1960ರ ದಶಕದಲ್ಲಿ ಬ್ಯಾಂಗರ್ ಪಂದ್ಯ ತಲೆಯೆತ್ತಿತು. ಅದೇ ಸಮಯಕ್ಕೆ ಸರಕಾರದ ಒಂದು ಕಾನೂನೂ ಕೂಡಿಬಂದಿತು. 1960ರಲ್ಲಿ ಹತ್ತು ವರ್ಷ ಮೀರಿದ ಕಾರುಗಳಿಗೆ ಸುರಕ್ಷತೆಯ ಪರೀಕ್ಷೆ ಕಡ್ಡಾಯವಾಯಿತು. 1967ರ ಹೊತ್ತಿಗೆ ಆ ಅವಧಿ ಮೂರು ವರ್ಷಕ್ಕೆ ಇಳಿಯಿತು. ಪರೀಕ್ಷೆಯಲ್ಲಿ ಸೋತ ಕಾರು ಗುಜರಿಯವನ ಪಾಲು. ಆ ಗುಜರಿಯ ಬೆಲೆಗೆ ಅದನ್ನು ಕೊಂಡು ಇನ್ನೊಂದು ಸಂಜೆ ಓಡಿಸಿದರೆ ಯಾರಿಗೇನು ನಷ್ಟ? ಅಂದು ಈ ಪ್ರಶ್ನೆಗೆ ಎದುರು ಮಾತಿರಲಿಲ್ಲ.

ಇಂದು ಇದೆ. ಅಂದು ಲಟಾರಿ ಎನಿಸಿಕೊಂಡ ಕಾರುಗಳಲ್ಲಿ ಉಳಿದುಕೊಂಡವುಗಳಿಗೆ ಈಗ ಅರವತ್ತು ವರ್ಷ ತುಂಬಿದೆ. ಆಸ್ಟಿನ್ ಕೇಂಬ್ರಿಜ್, ಫೋರ್ಡ್ ಜೆಫರ್, ವಾಕ್ಸ್‌ಹಾಲ್ ಕ್ರೆಸ್ಟಾ, ಹಂಬರ್ ಸೂಪರ್ ಸ್ನೈಪ್ ಮುಂತಾದ ಹೆಸರುಗಳನ್ನು ಕೇಳಿದರೆ ಅಲ್ಲಿನ ಮುದುಕರ ಕಣ್ಣು ತೇವಗೊಳ್ಳುತ್ತದೆ. ಅವುಗಳಿಗಾಗಿ ಸಂಘಗಳಿವೆ, ಜಾತ್ರೆಗಳಿವೆ. ಆದರೂ ಇಂಥ ಹಳೆಯ ಕಾರುಗಳಿಗೇ ಮೀಸಲಾದ ಬ್ಯಾಂಗರ್ ಪಂದ್ಯಗಳು ಆಗಾಗ್ಗೆ ನಡೆಯುತ್ತವೆ. ಒಬ್ಬನು ವರ್ಷಗಟ್ಟಲೆ ಹುಡುಕಿ ಒರೆಸಿ ಮೆರುಗು ಕೊಡುವ ಕಾರನ್ನು ಇನ್ನೊಬ್ಬನು ಕೆಲವೇ ನಿಮಿಷಗಳಲ್ಲಿ ಮುದ್ದೆ ಮಾಡುತ್ತಾನೆ. ಈ ಇಬ್ಬರ ನಡುವಣ ಜಗಳ ದಶಕಗಳಿಂದಲೂ ಆರಿಲ್ಲ.

ಈ ಜಗಳದಲ್ಲಿ ನಮ್ಮ ಓದುಗರಿಗೂ ಪರಿಚಿತವಾದ ಒಂದು ಮುಖವಿದೆ. ಇಟಲಿಯ ಪಿನಿನ್ ಫರೀನಾ ಸಂಸ್ಥೆ ರೂಪಿಸಿದ, ಹಿಂಬದಿಯಲ್ಲಿ ರೆಕ್ಕೆಯಂತೆ ಚೂಪಾದ ಅಂಚುಗಳುಳ್ಳ ಒಂದು ಸಂಸಾರದ ಕಾರನ್ನು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ 1958ರ ಕೊನೆಯಿಂದ ಆಸ್ಟಿನ್, ಮಾರಿಸ್, ವೂಲ್ಸ್‌ಲಿ, ರೈಲಿ, ಎಂಜಿ ಎಂಬ ಐದು ಹೆಸರುಗಳಲ್ಲಿ ಮಾರಿತು. ಅದರ ಗಟ್ಟಿ ಮೈಕಟ್ಟನ್ನು ಕಂಡು ಬ್ಯಾಂಗರ್ ಚಾಲಕರು ಅದಕ್ಕೆ ಮನಸೋತರು. ಆ ಕುಟುಂಬದ ಮಾರಿಸ್ ಆಕ್ಸ್‌ಫರ್ಡ್ ಕಾರಿಗಿಂತ ಹಿಂದಿನ ತಲೆಮಾರಿನ ಆಕ್ಸ್‌ಫರ್ಡ್ ಮಾದರಿಯೇ ಭಾರತಕ್ಕೆ ಬಂದು ಅಂಬಾಸಿಡರ್ ಆಯಿತು. ಎರಡರ ಎದೆಯಲ್ಲಿಯೂ ಬಹುಕಾಲ ಮಿಡಿದದ್ದು ಒಂದೇ ವಂಶದ ಎಂಜಿನ್. ಇಂಗ್ಲೆಂಡಿನ ಕಣದಲ್ಲಿ ಮುದುರಿ ಬೀಳುತ್ತಿರುವುದು ನಮ್ಮ ಅಂಬಾಸಿಡರಿನ ದಾಯಾದಿಯೇ ಎನ್ನಬೇಕು.

ಕಾರುಪ್ರೇಮಿಗಳ ವಾದ ಹೀಗಿದೆ. ಹೋದದ್ದನ್ನು ಮತ್ತೆ ತಯಾರಿಸಲಾಗದು. ಅಚ್ಚುಗಳೂ ಇಲ್ಲ, ಕಾರ್ಖಾನೆಗಳೂ ಇಲ್ಲ. ವಸ್ತುಸಂಗ್ರಹಾಲಯಗಳು ರೋಲ್ಸ್-ರಾಯ್ಸ್ ಕಾರನ್ನೂ ಪಂದ್ಯದ ಕಾರನ್ನೂ ಜೋಪಾನವಾಗಿ ಇಡುತ್ತವೆ. ಗುಮಾಸ್ತನೊಬ್ಬನು ಕಂತಿನಲ್ಲಿ ಕೊಂಡು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸಮುದ್ರತೀರಕ್ಕೆ ಹೋದ ನಾಲ್ಕು ಬಾಗಿಲಿನ ಸಾಧಾರಣ ಕಾರನ್ನು ಯಾರೂ ಇಡುವುದಿಲ್ಲ. ಸಾಮಾನ್ಯರ ಚರಿತ್ರೆ ಇರುವುದು ಅಂಥ ಕಾರಿನಲ್ಲಿ. ಮೊದಲು ಅಳಿಯುವುದೂ ಅದೇ. ತೀರ ಕೆಟ್ಟ ಕಾರೂ ಇನ್ನೊಂದರ ದುರಸ್ತಿಗೆ ಬೇಕಾದ ಬಿಡಿಭಾಗಗಳ ಕಣಜ. ಅದನ್ನು ಗುದ್ದಿ ಕೆಡಿಸಿದರೆ ಒಂದರ ಜೊತೆಗೆ ಇನ್ನೊಂದೂ ಸತ್ತಂತೆ.

ಬ್ಯಾಂಗರ್ ಚಾಲಕರ ಉತ್ತರವೂ ಬಲಹೀನವಲ್ಲ. ಈ ಕಾರು ಇಪ್ಪತ್ತು ವರ್ಷ ಕೊಟ್ಟಿಗೆಯ ಹಿಂದೆ ಮುಳ್ಳುಪೊದೆಯಲ್ಲಿ ಬಿದ್ದಿದ್ದಾಗ ಯಾರೂ ಕೊಳ್ಳಲು ಬರಲಿಲ್ಲ; ಅದರ ಬಾಗಿಲಿಗೆ ಪಂದ್ಯದ ಸಂಖ್ಯೆ ಬರೆದ ದಿನವೇ ಅಳುವವರು ಬಂದರು. ಸತ್ತ ಎಮ್ಮೆಗೆ ಹಾಲು ಹೆಚ್ಚು ಎಂಬ ನಮ್ಮ ಗಾದೆ ಅವರಿಗೆ ತಿಳಿದಿದ್ದರೆ ಅದನ್ನೇ ಹೇಳುತ್ತಿದ್ದರು. ಲೋಹದ ಮರ್ಮವನ್ನೂ ಅವರು ಮುಂದಿಡುತ್ತಾರೆ. ಪೂರ್ವಕಾಲದ ಕಾರಿಗೆ ಕೆಳಗೊಂದು ಪ್ರತ್ಯೇಕ ಚೌಕಟ್ಟಿತ್ತು; ಮೇಲಿನ ಮೈ ತುಕ್ಕು ಹಿಡಿದರೂ ಚೌಕಟ್ಟು ಉಳಿಯುತ್ತಿತ್ತು. ಯುದ್ಧಾನಂತರದ ಸಾಧಾರಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಮೈಯೇ ಚೌಕಟ್ಟು. ಚಳಿಗಾಲದಲ್ಲಿ ಹಿಮ ಕರಗಿಸಲೆಂದು ರಸ್ತೆಗೆ ಚೆಲ್ಲುವ ಉಪ್ಪು ಬಾಗಿಲ ಕೆಳಗಿನ ಟೊಳ್ಳು ಪಟ್ಟಿಗಳನ್ನು ತಿಂದುಹಾಕಿದರೆ ಕಾರಿನ ಬೆನ್ನೆಲುಬೇ ಮುರಿದಂತೆ. ಅದನ್ನು ಬೆಸೆದು ನಿಲ್ಲಿಸುವ ಖರ್ಚು ಕಾರಿನ ಬೆಲೆಯನ್ನು ಎಷ್ಟೋ ಪಾಲು ಮೀರುವುದುಂಟು. ಹಾಗಿದ್ದರೂ ಪಂದ್ಯಕ್ಕೆ ಮುನ್ನ ಗಾಜು, ದೀಪ, ಆಸನ, ಹೊಳೆಯುವ ಪಟ್ಟಿಗಳನ್ನು ಕಳಚಿ ಕಾರುಪ್ರೇಮಿಗಳಿಗೇ ಮಾರುವ ಚಾಲಕರು ಅನೇಕರು. ಅವರಿಗೂ ಈ ಕಾರುಗಳ ಮೇಲೆ ಪ್ರೀತಿಯಿಲ್ಲವೆಂದು ಹೇಳಲಾಗದು. ರಾತ್ರಿಯೆಲ್ಲ ಕುಳಿತು ಸತ್ತ ಎಂಜಿನ್ನನ್ನು ಎಬ್ಬಿಸುವ ವಿದ್ಯೆ ಅವರಲ್ಲಿ ತಂದೆಯಿಂದ ಮಗನಿಗೆ ಬಂದಿದೆ.

ಹಳೆಯ ಕಾರುಗಳನ್ನು ಕೊಂದವರು ಬ್ಯಾಂಗರ್ ಚಾಲಕರು ಮಾತ್ರವೆ? 2009ರ ಮೇ ತಿಂಗಳಿಂದ 2010ರ ಮಾರ್ಚಿಯವರೆಗೆ ಬ್ರಿಟಿಷ್ ಸರಕಾರವು ಹೊಸ ಕಾರುಗಳ ಮಾರಾಟವನ್ನು ಹೆಚ್ಚಿಸಲು ಒಂದು ಯೋಜನೆ ಹೂಡಿತು. ಹತ್ತು ವರ್ಷದ ಹಳೆಯ ಕಾರನ್ನು ಗುಜರಿಗೆ ಒಪ್ಪಿಸಿ ಹೊಸದನ್ನು ಕೊಂಡವನಿಗೆ 2,000 ಪೌಂಡುಗಳ ರಿಯಾಯಿತಿ. ಅರ್ಧ ಸರಕಾರದ್ದು, ಅರ್ಧ ತಯಾರಕರದು. ಸುಮಾರು 4 ಲಕ್ಷ ಕಾರುಗಳು ಹೀಗೆ ಸದ್ದಿಲ್ಲದೆ ಯಂತ್ರದ ಬಾಯಿಗೆ ಬಿದ್ದವು. ಅಮೆರಿಕದಲ್ಲಿ 1979ರಿಂದ 1985ರವರೆಗೆ ಪ್ರಸಾರವಾದ ‘ದಿ ಡ್ಯೂಕ್ಸ್ ಆಫ್ ಹ್ಯಾಜರ್ಡ್’ ಎಂಬ ಟೆಲಿವಿಷನ್ ಕಥಾಮಾಲೆಗೆ ಡಾಡ್ಜ್ ಚಾರ್ಜರ್ ಕಾರುಗಳು ಸುಮಾರು 300 ಬಲಿಯಾದವೆಂದು ಅಂದಾಜು. ಮನೆಯಲ್ಲಿ ಕುಳಿತು ಆ ಕಾರು ಹಳ್ಳ ಹಾರುವುದನ್ನು ಕಂಡು ಮೆಚ್ಚಿದವರು ಬ್ಯಾಂಗರ್ ಚಾಲಕನನ್ನು ಮಾತ್ರ ಅನಾಗರಿಕನೆನ್ನುವುದು ನ್ಯಾಯವೆನಿಸದು.

ಇಲ್ಲಿಯವರೆಗೆ ತಕ್ಕಡಿ ಸಮವಾಗಿಯೇ ತೂಗುತ್ತದೆ. ಆದರೆ ವಾದದ ಭರದಲ್ಲಿ ಒಂದು ಸಂಗತಿ ಮರೆಯಾಗಿದೆ. 1960ರ ದಶಕದಲ್ಲಿ ಆ ಕಾರು ಕಣಕ್ಕಿಳಿದದ್ದು ಅದು ಅಗ್ಗವಾಗಿತ್ತೆಂಬ ಕಾರಣದಿಂದ; ಇಂದು ಅದೇ ಕಾರು ಕಣಕ್ಕಿಳಿಯುವುದು ಬಹುಮಟ್ಟಿಗೆ ಅದು ಅಪರೂಪವೆಂಬ ಕಾರಣದಿಂದ. ಇಂದಿನ ನಿಜವಾದ ಲಟಾರಿ ಯಾವುದು? ನಿನ್ನೆ ಮೊನ್ನೆಯವರೆಗೆ ಬೀದಿಯಲ್ಲಿ ಓಡುತ್ತಿದ್ದ ಫೋರ್ಡ್ ಮಾಂಡಿಯೋ. ಅಂಥವನ್ನು ವಾರವಾರವೂ ಕಣಕ್ಕಿಳಿಸುತ್ತಾರೆ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಹಳೆಯ ಕಾರುಗಳ ವಿಶೇಷ ಪಂದ್ಯವೆಂದರೆ ಮಾತ್ರ ಜನ ದೂರದೂರದಿಂದ ಬರುತ್ತಾರೆ. ಅವರು ಟಿಕೆಟು ಕೊಳ್ಳುವುದು ಇನ್ನು ಕೆಲವೇ ವರ್ಷಗಳಲ್ಲಿ ಕಾಣಸಿಗದ ನೋಟವನ್ನು ಕಾಣಲು. ಹೀಗೆ ಅಪರೂಪವನ್ನೇ ಸರಕು ಮಾಡಿಕೊಂಡ ಆಟವು ಬಡ್ಡಿಯಿಂದ ಬದುಕದೆ ಅಸಲನ್ನು ತಿನ್ನುವ ಮನೆಯಂತೆ. ಇನ್ನೊಂದು ತೊಡಕೂ ಉಂಟು. ಗುದ್ದಾಟಕ್ಕೆ ಬೇಕಾದದ್ದು ಗಟ್ಟಿ ಮೈ. ಪೂರ್ತಿ ತುಕ್ಕು ತಿಂದ ಕಾರು ಎರಡನೆಯ ಗುದ್ದಿಗೆ ಪುಡಿಯಾಗುತ್ತದೆ. ಕಣಕ್ಕೆ ಬರುವುವೆಲ್ಲ ಉಳಿಸಲಾಗದ ಕಾರುಗಳೇ ಎಂಬ ಮಾತನ್ನು ಆದ್ದರಿಂದ ಪೂರ್ತಿಯಾಗಿ ಒಪ್ಪುವುದು ಕಷ್ಟ.

ಕೊನೆಗೆ ಉಳಿಯುವುದು ಒಡೆತನದ ಮಾತು. ನನ್ನ ಹಣ, ನನ್ನ ಕಾರು, ನನ್ನ ಇಷ್ಟ ಎಂಬ ಈ ವಾದಕ್ಕೆ ಬ್ಯಾಂಗರ್ ಪ್ರಪಂಚದ ಅನುಭವವೇ ಉತ್ತರ ಕೊಟ್ಟಿದೆ. ಲಂಡನ್ನಿನ ವಿಂಬಲ್ಡನ್ ಕ್ರೀಡಾಂಗಣ ದಶಕಗಳ ಕಾಲ ಈ ಆಟದ ತವರುಮನೆಯಾಗಿತ್ತು. 2017ರ ಮಾರ್ಚಿಯಲ್ಲಿ ಅಲ್ಲಿ ಕೊನೆಯ ಪಂದ್ಯ ನಡೆಯಿತು. ಮರುವರ್ಷ ಕಟ್ಟಡವನ್ನು ಕೆಡವಿದರು. 2020ರಲ್ಲಿ ಅಲ್ಲಿಯೇ ಹೊಸದೊಂದು ಫುಟ್‌ಬಾಲ್ ಮೈದಾನ ತೆರೆಯಿತು. ನೆಲದ ಒಡೆಯರಿಗೆ ಹಾಗೆ ಮಾಡುವ ಹಕ್ಕು ಇದ್ದೇ ಇತ್ತು. ಆದರೆ ಅಪ್ಪನ ಕೈ ಹಿಡಿದು ಬಾಲ್ಯದಲ್ಲಿ ಅಲ್ಲಿಗೆ ಬಂದವರಿಗೆ ಆ ಹಕ್ಕಿನ ಮಾತು ಸಮಾಧಾನ ತಂದೀತೆ? ಕಾಗದಪತ್ರದಲ್ಲಿ ಒಬ್ಬನದಾದ ವಸ್ತುವಿನಲ್ಲಿ ಹಲವರ ಬಾಳಿನ ಒಂದೊಂದು ಎಳೆ ಸೇರಿಕೊಂಡಿರುತ್ತದೆಂಬುದನ್ನು ಅವರು ಅಂದು ಬಲ್ಲವರಾದರು. ಕೊನೆಯ ಕೆಲವು ಕಾರುಗಳ ವಿಷಯದಲ್ಲಿ ಎದುರು ಪಕ್ಷದವರು ಹೇಳುತ್ತಿರುವುದೂ ಇದನ್ನೇ.

ಸಾವಿರಗಳಲ್ಲಿ ಒಂದಾಗಿರುವಾಗ ವಸ್ತುವು ಒಡೆಯನದು. ಹತ್ತರಲ್ಲಿ ಒಂದಾದಾಗ ಅವನು ಅರ್ಧ ಒಡೆಯ, ಅರ್ಧ ಪಾಲಕ. ಕಣಕ್ಕಿಳಿಸುವ ಮುನ್ನ ಇಂಥವು ಎಷ್ಟು ಉಳಿದಿವೆ, ಇದನ್ನು ಎತ್ತಿ ನಿಲ್ಲಿಸಲು ಸಾಧ್ಯವೆ, ಬೇಕಾದವರಿಗೆ ಕೊಳ್ಳುವ ಅವಕಾಶ ಕೊಟ್ಟಾಯಿತೆ ಎಂಬ ಮೂರು ಮಾತುಗಳನ್ನು ಚಾಲಕನು ಕೇಳಿಕೊಂಡರೆ ಅವನ ಆಟಕ್ಕೇನೂ ಕುಂದಿಲ್ಲ. ಹಾಗೆ ಅವಕಾಶ ಬಂದಾಗ ಕೈಚೀಲ ಬಿಚ್ಚದವನಿಗೆ ಆಮೇಲೆ ಕಣ್ಣೀರು ಬಿಚ್ಚುವ ಅಧಿಕಾರವೂ ಇಲ್ಲ.

ಬ್ರಿಟನ್ನಿನ ಈ ವ್ಯಾಜ್ಯದಿಂದ ನಮಗೇನು ಎನ್ನುವವರು ಅಂಬಾಸಿಡರನ್ನು ನೆನೆಯಬಹುದು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅದರ ತಯಾರಿಕೆ 2014ರಲ್ಲಿ ನಿಂತಿತು. ಮಂತ್ರಿಗಳ ಮನೆಯ ಮುಂದೆಯೂ ಟ್ಯಾಕ್ಸಿ ನಿಲ್ದಾಣದಲ್ಲಿಯೂ ಸಮಾನವಾಗಿ ನಿಂತಿದ್ದ, ಮದುವಣಗಿತ್ತಿಯನ್ನೂ ರೋಗಿಯನ್ನೂ ಒಂದೇ ತಾಳ್ಮೆಯಿಂದ ಹೊತ್ತ ಆ ಬಂಡಿ ನಮ್ಮ ಕಣ್ಣೆದುರಿನಲ್ಲಿಯೇ ವಿರಳವಾಗುತ್ತಿದೆ. ಐವತ್ತು ವರ್ಷ ಮೀರಿ, ಮೂಲರೂಪದಲ್ಲಿ ಉಳಿದಿರುವ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಡುವ ನಿಯಮವನ್ನು ಭಾರತ ಸರಕಾರ 2021ರಲ್ಲಿ ಹೊರಡಿಸಿತು. ಒಳ್ಳೆಯದೇ. ಆದರೆ ಐವತ್ತು ತುಂಬುವವರೆಗೆ ಅದನ್ನು ಕಾಯುವವರು ಯಾರು? ಇಪ್ಪತ್ತೈದರ ಪ್ರಾಯದ ಕಾರು ಹೊಸದೂ ಅಲ್ಲ, ಪುರಾತನವೂ ಅಲ್ಲ. ಹಿತ್ತಿಲ ಗಿಡದಂತೆ ಯಾರ ಗಮನಕ್ಕೂ ಬಾರದೆ ಅದು ಗುಜರಿಗೆ ಹೋಗುವುದು ಆಗಲೇ. ನಮ್ಮಲ್ಲಿ ಅದನ್ನು ಗುದ್ದಿ ಕೆಡಿಸಲು ಕ್ರೀಡಾಂಗಣ ಬೇಕಾಗಿಲ್ಲ. ಮನೆಯ ಮುಂದಿನ ಬೇವಿನ ಮರದ ಕೆಳಗೆ ಚಕ್ರದ ಗಾಳಿ ಇಳಿದು ನಿಂತಿರುವ ಕಾರಿಗೆ ನಾಲ್ಕು ಮಳೆಗಾಲ ಸಾಕು.